ಕೊಯ್ಯದೆ ಒಳಗನ್ನು ಕಾಣುವ ವಿದ್ಯೆ

ಶಹಾಪುರದ ಬೆಟ್ಟಗಳನ್ನು ಕಂಡವರು ಅಲ್ಲಿಯ ಮಲಗಿದ ಬುದ್ಧನನ್ನು ಮರೆಯಲಾರರು. ಊರ ಹೊರಗೆ ಒಂದು ಎಡೆಯಲ್ಲಿ ನಿಂತು ನೋಡಿದಾಗ, ಒಂದರ ಹಿಂದೊಂದು ಚಾಚಿರುವ ಬೆಟ್ಟಗಳ ನೆತ್ತಿಗಳು ಒಟ್ಟುಗೂಡಿ, ಹಣೆ ಮೂಗು ಗಲ್ಲ ಎದೆಗಳುಳ್ಳ ಒಬ್ಬ ಮಹಾಪುರುಷನು ಆಕಾಶಕ್ಕೆ ಮುಖಮಾಡಿ ಪವಡಿಸಿದಂತೆ ಕಾಣುತ್ತದೆ. ಬಸ್ಸಿನಲ್ಲಿ ಕುಳಿತವರು ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸುವಷ್ಟರಲ್ಲಿ ದಾರಿ ತಿರುಗುತ್ತದೆ. ಬುದ್ಧನು ಮಾಯವಾಗಿ ಬಂಡೆಗಳ ರಾಶಿ ಮಾತ್ರ ಉಳಿಯುತ್ತದೆ. ಕದಲಿದುದು ಬೆಟ್ಟವಲ್ಲ, ನಾವು. ಒಂದು ಕಡೆಯಿಂದ ಒಂದೇ ಆಕೃತಿಯಾಗಿ ತೋರಿದುದು ನಿಜವಾಗಿ ಹಲವು ಬೆಟ್ಟ. ಅವುಗಳ ನಡುವೆ ಎಷ್ಟು ಅಂತರ, ಯಾವುದು ಮುಂದೆ ಯಾವುದು ಹಿಂದೆ ಎಂಬುದನ್ನು ಆ ಒಂದು ನೋಟ ಎಷ್ಟು ಹೊತ್ತು ದಿಟ್ಟಿಸಿದರೂ ಹೇಳಲಾರದು. ಸುತ್ತಲೂ ನಡೆದು, ಹತ್ತು ಕಡೆಯ ನೋಟಗಳನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡವನಿಗೆ ಮಾತ್ರ ಬೆಟ್ಟಗಳ ನಿಜವಾದ ಇರವು ತಿಳಿದೀತು.

ವೈದ್ಯರ ಎಕ್ಸ್‌ರೇ ಪಟದ ಕಷ್ಟವೂ ಇದೇ. ಅದರಲ್ಲಿ ಮೂಡುವುದು ದೇಹವಲ್ಲ, ದೇಹದ ನೆರಳು. ಮುಂದಿನ ಎಲುಬು, ನಡುವಿನ ಕರುಳು, ಹಿಂದಿನ ಬೆನ್ನುಮೂಳೆ ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ಆಕೃತಿಯಾಗುತ್ತವೆ. ಈ ತೊಡಕನ್ನು ಮನುಷ್ಯನು ಬಿಡಿಸಿಕೊಂಡ ಕಥೆ ಬಹಳ ಸ್ವಾರಸ್ಯವಾದುದು. ಇಂದು ದೊಡ್ಡಕರುಳಿನ ಒಳಗೋಡೆಯ ಮೇಲೆ ತೊಗರಿ ಕಾಳಿನಷ್ಟು ಎದ್ದಿರುವ ಮಾಂಸದ ಮೊಳಕೆಯನ್ನೂ ಚಾಕು ತಾಗಿಸದೆ ಕಂಡುಹಿಡಿಯುವ ಮಟ್ಟಿಗೆ ಈ ವಿದ್ಯೆ ಬೆಳೆದಿದೆ. ಅದರ ಒಂದು ಮುಖ್ಯವಾದ ಗಂಟು ಬಿಚ್ಚಿದುದು ನಮ್ಮ ಬೆಂಗಳೂರಿನಲ್ಲಿ ಎಂಬುದು ನಮ್ಮಲ್ಲೇ ಬಹುಮಂದಿಗೆ ತಿಳಿಯದು.

ಮೊದಲು ಈ ಮೊಳಕೆಯ ವಿಚಾರ. ಡಾಕ್ಟರರು ಇದನ್ನು ಪಾಲಿಪ್ ಎನ್ನುತ್ತಾರೆ. ನಡುವಯಸ್ಸು ದಾಟಿದವರಲ್ಲಿ ಅನೇಕರ ದೊಡ್ಡಕರುಳಿನಲ್ಲಿ ಇವು ಏಳುವುದುಂಟು; ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಲ್ಲುತ್ತವೆ, ಕೆಲವು ಗೋಡೆಗೆ ಒರಗಿದಂತೆ ಚಪ್ಪಟೆಯಾಗಿರುತ್ತವೆ. ಬಹುಪಾಲು ನಿರುಪದ್ರವಿಗಳು. ಆದರೆ ಅಡಿನೋಮ ಎಂಬ ಜಾತಿಯವುಗಳಲ್ಲಿ ಕೆಲವು ಮೆಲ್ಲಮೆಲ್ಲನೆ ಬೆಳೆದು ಕಡೆಗೆ ಕ್ಯಾನ್ಸರ್ ಆಗುತ್ತವೆ. ದೊಡ್ಡಕರುಳಿನ ಕ್ಯಾನ್ಸರಿನ ಹೆಚ್ಚು ಪಾಲು ಹುಟ್ಟುವುದು ಹೀಗೆಯೇ. ಈ ಮಾರ್ಪಾಟಿಗೆ ಸಾಮಾನ್ಯವಾಗಿ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಇಷ್ಟು ದೀರ್ಘವಾದ ವಾಯಿದೆ ಕೊಡುವ ಕ್ಯಾನ್ಸರು ವಿರಳ. ಆದರೆ ಆ ಹತ್ತು ವರ್ಷವೂ ಅದು ಮೌನವಾಗಿರುತ್ತದೆ: ನೋವಿಲ್ಲ, ಜ್ವರವಿಲ್ಲ, ಊಟ ನಿದ್ರೆಗಳಿಗೆ ಭಂಗವಿಲ್ಲ. ಹೇಳಿಕೊಳ್ಳಲು ಏನೂ ಇಲ್ಲದ ರೋಗಿಯ ಒಳಗನ್ನು ನೋಡುವುದು ಹೇಗೆ, ಯಾರು ನೋಡಬೇಕು ಎಂಬುದೇ ಪ್ರಶ್ನೆ.

ಕೊಯ್ದು ನೋಡುವುದೊಂದೇ ಒಳಗನ್ನು ಅರಿಯುವ ದಾರಿಯಾಗಿದ್ದ ಕಾಲದಲ್ಲಿ, ಕೊಯ್ಯುವುದನ್ನೇ ಒಂದು ಶಾಸ್ತ್ರವಾಗಿ ಮಾಡಿದವರೊಬ್ಬರು ಈ ಸೀಮೆಯಲ್ಲೇ ಇದ್ದರು. ಅವರು ಕೊಯ್ದುದು ದೇಹವನ್ನಲ್ಲ, ಮಣ್ಣನ್ನು. ಫಿಲಿಪ್ ಮೆಡೋಸ್ ಟೇಲರರ ಹೆಸರು ಸುರಪುರದವರಿಗೆ ಹೊಸದಲ್ಲ. ಗುಡ್ಡದ ಮೇಲಿನ ಅವರ ಬಂಗಲೆಯನ್ನು ಟೇಲರ್ ಮಂಜಿಲ್ ಎಂದು ಜನ ಇಂದಿಗೂ ಕರೆಯುತ್ತಾರೆ. ಹದಿನೈದರ ಹುಡುಗನಾಗಿ ೧೮೨೪ರಲ್ಲಿ ಹಿಂದೂಸ್ಥಾನಕ್ಕೆ ಬಂದಿಳಿದ ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಿಜಾಮರ ಚಾಕರಿಯಲ್ಲಿದ್ದುಕೊಂಡೇ ಭೂಮಾಪನ, ಕಾನೂನು, ಭೂಗರ್ಭಶಾಸ್ತ್ರಗಳನ್ನು ತಾವಾಗಿ ಕಲಿತರು. ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತ ಅವರ ಕೈಯಲ್ಲಿತ್ತು. ಎಳೆಯ ದೊರೆ ವೆಂಕಟಪ್ಪನಾಯಕನು ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದುದೂ, ೧೮೫೮ರಲ್ಲಿ ಆ ತರುಣನಿಗೆ ಒದಗಿದ ದುರಂತವೂ ಬೇರೆಯೇ ಕಥೆ. ಅದನ್ನು ನಮ್ಮ ಲೇಖಕರು ಅನೇಕ ಸಲ ಬರೆದಿದ್ದಾರೆ.

ನಮಗೆ ಇಲ್ಲಿ ಬೇಕಾದುದು ಟೇಲರರ ಇನ್ನೊಂದು ಹವ್ಯಾಸ. ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಹಿಡಿದು ನಿಂತ ದೊಡ್ಡ ಗುಂಡುಗಳು, ಜೇವರ್ಗಿಯ ಕಡೆಯ ಕಲ್ಲುಗುಪ್ಪೆಗಳು ಇವೆಲ್ಲ ಇತಿಹಾಸಪೂರ್ವ ಕಾಲದ ಜನರ ಶವಸಂಸ್ಕಾರಕ್ಕೆ ಸೇರಿದವೆಂದು ಗುರುತಿಸಿ ಲೋಕಕ್ಕೆ ತಿಳಿಸಿದವರಲ್ಲಿ ಅವರು ಮೊದಲಿಗರು. ಆ ಕಾಲದಲ್ಲಿ ಹಳೆಯ ಗೋರಿಯನ್ನು ಅಗೆಯುವುದೆಂದರೆ ನಿಧಿ ತೆಗೆಯುವುದೇ ಆಗಿತ್ತು. ಮೇಲಿನಿಂದ ತೋಡುವುದು, ಸಿಕ್ಕಿದ ಮಡಕೆ ಕತ್ತಿಗಳನ್ನು ಬಾಚಿಕೊಳ್ಳುವುದು, ಮಣ್ಣನ್ನು ಆಚೆಗೆ ಎಸೆಯುವುದು. ಟೇಲರರು ಹಾಗೆ ಮಾಡಲಿಲ್ಲ. ಗುಪ್ಪೆಯನ್ನು ನೆತ್ತಿಯಿಂದ ತಳದವರೆಗೆ ಕೊಯ್ದು, ಕೊಯ್ದ ಮುಖದಲ್ಲಿ ಯಾವ ಪದರದ ಕೆಳಗೆ ಯಾವ ಪದರ, ಕಲ್ಲು ಎಲ್ಲಿ, ಮೂಳೆ ಎಲ್ಲಿ, ಬೂದಿ ಎಲ್ಲಿ ಎಂಬುದನ್ನು ಅಳೆದು ನಕ್ಷೆ ಬರೆದರು. ಸುಮಾರು ನೂರು ವರ್ಷಗಳ ಮೇಲೆ, ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ೧೯೪೭ರಲ್ಲಿ ಅಗೆಸಿದ ಮಾರ್ಟಿಮರ್ ವ್ಹೀಲರರು ಈ ನಕ್ಷೆಗಳನ್ನು ಕಂಡು ತಲೆದೂಗಿದರು. ಯೂರೋಪಿನಲ್ಲೇ ಇಂತಹ ಶಿಸ್ತು ಅಪರೂಪವಾಗಿದ್ದ ಕಾಲದ ಕೆಲಸ ಅದು.

ಇಂತಹ ಕೊಯ್ದ ಮುಖದ ಚಿತ್ರಕ್ಕೆ ಛೇದಚಿತ್ರ ಎಂದು ಹೆಸರು. ಗ್ರೀಕರ ಮಾತಿನಲ್ಲಿ ಹೋಳಿಗೆ ಟೋಮೋಸ್ ಎನ್ನುತ್ತಾರೆ, ಸಿ.ಟಿ. ಎಂಬ ಎರಡಕ್ಷರದಲ್ಲಿ ಟಿ. ನಿಂತಿರುವುದು ಅದರಿಂದ ಬಂದ ಟೊಮೊಗ್ರಫಿ ಎಂಬ ಪದಕ್ಕಾಗಿ. ಟೇಲರರು ಗುಪ್ಪೆಯನ್ನು ಹಾಳುಮಾಡಿ ಛೇದಚಿತ್ರ ಪಡೆದರು. ಬೇರೆ ದಾರಿ ಇರಲಿಲ್ಲ. ಬದುಕಿರುವ ಮನುಷ್ಯನ ಛೇದಚಿತ್ರ ಬೇಕಾದರೆ?

ಮೊದಲ ಬೆಳಕು ಕಂಡುದು ೧೮೯೫ರ ನವೆಂಬರ್ ೮ರಂದು, ಜರ್ಮನಿಯ ವುರ್ಟ್ಸ್‌ಬುರ್ಗಿನಲ್ಲಿ. ರಾಂಟ್ಜನ್ ಎಂಬ ಪ್ರಾಧ್ಯಾಪಕರು ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಕಾಣದ ಕಿರಣವೊಂದನ್ನು ಗುರುತಿಸಿದರು. ಆ ಡಿಸೆಂಬರಿನಲ್ಲೇ ಅವರ ಹೆಂಡತಿಯ ಕೈಮೂಳೆಗಳೂ ಬೆರಳಿನ ಉಂಗುರವೂ ಪಟದಲ್ಲಿ ಮೂಡಿದವು. ಮೂಳೆಗೆ ಈ ಕಿರಣ ಒದಗಿತು, ಕರುಳಿಗೆ ಒದಗಲಿಲ್ಲ. ಕರುಳು, ಸುತ್ತಲಿನ ಮಾಂಸ, ಒಳಗಿನ ನೀರು ಇವೆಲ್ಲ ಕಿರಣವನ್ನು ಹೆಚ್ಚುಕಡಮೆ ಒಂದೇ ಸಮನಾಗಿ ತಡೆಯುವುದರಿಂದ ಪಟದಲ್ಲಿ ಬರಿಯ ಮಬ್ಬು. ಆದುದರಿಂದ ೧೯೧೦ರ ಸುಮಾರಿನಿಂದ ಬೇರಿಯಂ ಸಲ್ಫೇಟ್ ಎಂಬ ಭಾರವಾದ ಬಿಳಿಯ ಹಿಟ್ಟನ್ನು ನೀರಿನಲ್ಲಿ ಕಲಸಿ ಕರುಳಿಗೆ ತುಂಬುವ ಪದ್ಧತಿ ಬಂತು. ೧೯೨೩ರಲ್ಲಿ ಫಿಷರ್ ಎಂಬ ಜರ್ಮನ್ ವೈದ್ಯರು ಬೇರಿಯಮ್ಮನ್ನು ತುಂಬಿದ ಮೇಲೆ ಹೊರಗೆ ಬಿಟ್ಟು, ಗಾಳಿಯನ್ನು ಊದಿ ಚಿತ್ರ ತೆಗೆದರು. ಸುಣ್ಣ ಬಳಿದ ಗೋಡೆಯಂತೆ ಕರುಳಿನ ಒಳಮೈ ಕಂಡಿತು, ಗೋಡೆಯ ಮೇಲಿನ ಗಂಟುಗಳೂ ಕಂಡವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ಇದೇ ನಡೆಯಿತು. ಬೇರಿಯಂ ಎನಿಮ ಮಾಡಿಸಿಕೊಂಡ ಹಿರಿಯರು ಆ ತಣ್ಣನೆಯ ಮೇಜನ್ನು ಇನ್ನೂ ಮರೆತಿರಲಾರರು.

ಇನ್ನೊಂದು ಕಡೆಯಿಂದ ನೇರವಾಗಿ ಕಣ್ಣು ಹಾಯಿಸುವ ಪ್ರಯತ್ನವೂ ನಡೆದಿತ್ತು. ೧೮೦೬ರಲ್ಲಿಯೇ ಬೊಜ್ಜೀನಿ ಎಂಬವರು ಮೇಣದಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಕ್ಕೆ ತಿರುಗಿಸುವ ಸಾಧನ ಮಾಡಿದ್ದರು. ೧೮೬೮ರಲ್ಲಿ ಕುಸ್‌ಮೌಲ್ ಎಂಬ ವೈದ್ಯರು ಹೊಟ್ಟೆಯೊಳಕ್ಕೆ ನೆಟ್ಟನೆಯ ಕೊಳವೆಯನ್ನು ಇಳಿಸಲು ಯಾರನ್ನು ಹುಡುಕಿದರೆಂದು ಓದುಗರು ಊಹಿಸಬಹುದು: ಕತ್ತಿ ನುಂಗುವ ಒಬ್ಬ ದೊಂಬನನ್ನು. ಆದರೆ ದೊಡ್ಡಕರುಳು ಸುಮಾರು ಒಂದೂವರೆ ಮೀಟರು ಉದ್ದ, ಅದೂ ಅಂಕುಡೊಂಕು. ನೆಟ್ಟನೆಯ ಕೊಳವೆ ಒಂದು ಗೇಣಿನಾಚೆಗೆ ಹೋಗದು. ಬಾಗುವ ಗಾಜಿನೆಳೆಗಳ ದುರ್ಬೀನು ಬಂದ ಮೇಲೆ, ೧೯೬೯ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯ ಎಂಬ ವೈದ್ಯರಿಬ್ಬರು ಅದರ ತುದಿಯಿಂದ ತಂತಿಯ ಕುಣಿಕೆ ಹಾಯಿಸಿ, ಪಾಲಿಪ್ಪಿನ ಬುಡಕ್ಕೆ ಬಿಗಿದು, ವಿದ್ಯುತ್ತಿನಿಂದ ಸುಟ್ಟು ತೆಗೆದರು. ಹೊಟ್ಟೆ ಕೊಯ್ಯುವ ಅಗತ್ಯ ತಪ್ಪಿತು. ಹೀಗೆ ತೆಗೆಯುವುದರಿಂದ ನಿಜವಾಗಿ ಕ್ಯಾನ್ಸರ್ ತಪ್ಪುತ್ತದೆಯೆ ಎಂಬ ಸಂದೇಹಕ್ಕೆ ೧೯೯೩ರಲ್ಲಿ ಅಮೆರಿಕದ ವಿನಾವರ್ ಮತ್ತು ಸಂಗಡಿಗರ ಅಧ್ಯಯನ ಉತ್ತರ ಕೊಟ್ಟಿತು: ಬರಬಹುದಾಗಿದ್ದ ಕ್ಯಾನ್ಸರುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ತಪ್ಪಿದ್ದವು. ಕೊಲೊನೋಸ್ಕೋಪಿ ಎಂಬ ಈ ವಿಧಾನವೇ ಇಂದಿಗೂ ಎಲ್ಲಕ್ಕೂ ಮೇಲಿನ ಪ್ರಮಾಣ. ಅದರ ತೊಂದರೆಯೆಂದರೆ, ಏನೂ ಬೇನೆಯಿಲ್ಲದ ಮನುಷ್ಯನು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಮಂಪರಿನ ಮದ್ದು ಬೇಕು, ಪಳಗಿದ ಕೈ ಬೇಕು, ಬಹಳ ಅಪರೂಪವಾಗಿ ಕರುಳು ತೂತಾಗುವ ಭಯವೂ ಉಂಟು. ನಾಚಿಕೆಯ ಮಾತು ಬೇರೆ.

ಇನ್ನು ನೆರಳಿನ ಕಡೆಗೆ ಮರಳೋಣ. ಒಂದು ವಸ್ತುವಿನ ನೆರಳುಗಳನ್ನು ಎಲ್ಲ ದಿಕ್ಕಿನಿಂದಲೂ ಕೂಡಿಹಾಕಿದರೆ ಆ ವಸ್ತುವಿನ ಒಳಗನ್ನು ಪೂರ್ತಿಯಾಗಿ ಮತ್ತೆ ಕಟ್ಟಬಹುದೆಂದು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡೋನ್ ೧೯೧೭ರಲ್ಲಿಯೇ ಸಾಧಿಸಿದ್ದರು. ಅದು ಶುದ್ಧ ಗಣಿತ. ಆಸ್ಪತ್ರೆಯ ಯೋಚನೆ ಅದರಲ್ಲಿ ಇರಲಿಲ್ಲ, ಆಸ್ಪತ್ರೆಯವರೂ ಅದನ್ನು ಓದಲಿಲ್ಲ. ೧೯೫೬ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಅಲನ್ ಕೊರ್ಮಾಕ್ ಎಂಬ ಭೌತವಿಜ್ಞಾನಿ ಇದೇ ಪ್ರಶ್ನೆಯನ್ನು ಹೊಸದಾಗಿ ಎತ್ತಿಕೊಂಡು, ೧೯೬೩ ಮತ್ತು ೧೯೬೪ರಲ್ಲಿ ಎರಡು ಲೇಖನ ಬರೆದರು. ಹೆಚ್ಚು ಕಡಮೆ ಯಾರೂ ತಿರುಗಿ ನೋಡಲಿಲ್ಲ. ಲೇಖನದ ಪ್ರತಿ ಬೇಕೆಂದು ಬಂದ ಪತ್ರಗಳಲ್ಲಿ ಅತ್ಯಂತ ಸ್ವಾರಸ್ಯವಾದುದು ಸ್ವಿಟ್ಸರ್ಲೆಂಡಿನ ಹಿಮಪಾತ ಸಂಶೋಧನ ಕೇಂದ್ರದ್ದೆಂದು ಅವರೇ ಮುಂದೆ ಹೇಳಿಕೊಂಡರು. ವೈದ್ಯರಿಗೆ ಬೇಡವಾದ ವಿದ್ಯೆ ಹಿಮದ ರಾಶಿ ಅಳೆಯುವವರಿಗೆ ಬೇಕಾಯಿತು!

ಕೊರ್ಮಾಕರ ಲೇಖನವನ್ನು ತಿಳಿಯದೆಯೇ ಯಂತ್ರ ಕಟ್ಟಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಹಳ್ಳಿಯ ಹೊಲಮನೆಯಲ್ಲಿ ಬೆಳೆದ ಅವರು ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ಎಂಜಿನಿಯರು. ಬೀಟಲ್ಸ್ ಹಾಡುಗಳ ಲಾಭದಿಂದಲೇ ಈ ಯಂತ್ರ ಹುಟ್ಟಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಕೇಳಲು ಚೆನ್ನ, ಆದರೆ ಬ್ರಿಟನ್ನಿನ ಆರೋಗ್ಯ ಇಲಾಖೆ ಹಾಕಿದ ಹಣವನ್ನು ಅದು ಮರೆಸುತ್ತದೆ. ಪ್ರಯೋಗಶಾಲೆಯಲ್ಲಿ ಮೊದಲ ಚಿತ್ರಕ್ಕೆ ಬೇಕಾದ ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿದಿತ್ತು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಮೆದುಳಿನಲ್ಲಿ ಗೆಡ್ಡೆಯಿರುವುದೆಂದು ಶಂಕಿಸಿದ ಒಬ್ಬ ಹೆಂಗಸಿನ ತಲೆಯನ್ನು ಆ ಯಂತ್ರ ಮೊದಲ ಬಾರಿಗೆ ಹೋಳು ಹೋಳಾಗಿ ನೋಡಿತು. ಚಿತ್ರ ಒರಟಾಗಿತ್ತು, ಅಡ್ಡಕ್ಕೆ ಎಂಬತ್ತು ಉದ್ದಕ್ಕೆ ಎಂಬತ್ತು ಚೌಕಗಳ ರಂಗೋಲಿ. ಆದರೂ ಗೆಡ್ಡೆ ಎದ್ದು ಕಾಣುತ್ತಿತ್ತು.

ಅದೇ ೧೯೭೧ರಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರು ಒಂದು ಲೇಖನ ಬರೆದರು. ರಾಮಚಂದ್ರನ್ ಅವರು ೧೯೨೨ರಲ್ಲಿ ಎರ್ನಾಕುಲದಲ್ಲಿ ಹುಟ್ಟಿದವರು. ಬೆಂಗಳೂರಿಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದು ಸಿ. ವಿ. ರಾಮನ್ನರ ಕಣ್ಣಿಗೆ ಬಿದ್ದು ಭೌತಶಾಸ್ತ್ರಕ್ಕೆ ಹೊರಳಿದವರು. ನಡುವೆ ಮದರಾಸಿನಲ್ಲಿದ್ದಾಗ ಚರ್ಮ, ಎಲುಬುಗಳ ನಾರಾದ ಕೊಲ್ಲಾಜೆನ್ ಮೂರೆಳೆಯ ಹುರಿಯೆಂದು ತೋರಿಸಿ ಜಗತ್ಪ್ರಸಿದ್ಧರಾದರು. ಮತ್ತೆ ಬೆಂಗಳೂರಿಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅವರ ಗಮನವಿದ್ದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಣುಗಳ ಮೇಲೆ. ಆದರೆ ಲೇಖನದ ತಲೆಬರಹದಲ್ಲಿಯೇ ಎಕ್ಸ್‌ರೇ ಪಟದ ಮಾತೂ ಇದ್ದಿತು. ನೆರಳುಗಳಿಂದ ಮೂಲವನ್ನು ಕಟ್ಟುವ ಪ್ರಶ್ನೆ ಅಣುವಿಗೂ ಹೊಟ್ಟೆಗೂ ಒಂದೇ ತಾನೆ?

ಅವರು ಬಿಡಿಸಿದ ಗಂಟು ಇಂಥದು. ಪ್ರತಿಯೊಂದು ನೆರಳನ್ನೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು ಹಾಳೆಯ ಮೇಲೆ ಒಂದರ ಮೇಲೊಂದು ಬಳಿಯುತ್ತ ಹೋದರೆ, ವಸ್ತುವಿರುವ ಎಡೆಯಲ್ಲಿ ಗೆರೆಗಳು ಕೂಡಿ ಕಪ್ಪು ಗಟ್ಟಿಯಾಗುತ್ತದೆ. ಶಹಾಪುರದ ಬೆಟ್ಟಗಳನ್ನೂ ಹೀಗೆ ಹತ್ತು ಕಡೆಯಿಂದ ಗೆರೆ ಎಳೆದು ನಕ್ಷೆ ಮಾಡಬಹುದು. ಆದರೆ ಪ್ರತಿ ಗೆರೆಯೂ ವಸ್ತುವಿಲ್ಲದ ಕಡೆಯಲ್ಲಿಯೂ ತನ್ನ ಮಸಿಯನ್ನು ಬಿಟ್ಟು ಹೋಗುವುದರಿಂದ ಚಿತ್ರವೆಲ್ಲ ಮಬ್ಬು ಹಿಡಿಯುತ್ತದೆ. ಮಬ್ಬನ್ನು ಕಳೆಯಲು ಫೂರಿಯೇ ಗಣಿತವಿತ್ತು. ಆ ಕಾಲದ ಗಣಕಯಂತ್ರಗಳಿಗೆ ಅದು ಹೊರಲಾರದ ಹೊರೆ. ನೆರಳನ್ನು ಹಿಂದಕ್ಕೆ ಎಳೆಯುವ ಮೊದಲೇ ಪ್ರತಿಯೊಂದನ್ನೂ ಒಂದು ಗೊತ್ತಾದ ಸೂತ್ರದಿಂದ ತಿದ್ದಿ ಸೋಸಿಬಿಟ್ಟರೆ ಮಬ್ಬು ತಾನಾಗಿ ಕಳೆಯುತ್ತದೆ, ಲೆಕ್ಕವೂ ಬಹಳ ಹಗುರವಾಗುತ್ತದೆ ಎಂದು ಈ ಇಬ್ಬರು ತೋರಿಸಿದರು. ಒಂದು ನೆರಳು ಬಂದೊಡನೆ ಅದನ್ನು ಸೋಸಿ ಸೇರಿಸಿ, ಮುಂದಿನದಕ್ಕೆ ಕೈಹಾಕಬಹುದು. ರೇಡಿಯೋ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡ್ಲ್ ಎಂಬವರು ೧೯೬೭ರಲ್ಲಿ ಇಂತಹುದೇ ಹಾದಿ ಹಿಡಿದಿದ್ದರೆಂಬುದನ್ನೂ ಹೇಳುವುದು ನ್ಯಾಯ. ಆದರೆ ಸಿ.ಟಿ. ಪಠ್ಯಪುಸ್ತಕಗಳಲ್ಲಿ ಆ ಸೋಸುಬಟ್ಟೆಗೆ ನಿಂತ ಹೆಸರು ರಾಮ್-ಲಾಕ್. ರಾಮಚಂದ್ರನ್, ಲಕ್ಷ್ಮೀನಾರಾಯಣನ್ ಎಂಬ ಎರಡು ಹೆಸರುಗಳ ಮೊಟಕು ರೂಪ.

ಹೌನ್ಸ್‌ಫೀಲ್ಡರ ಮೊದಲ ಯಂತ್ರ ಬೇರೊಂದು ವಿಧಾನದಿಂದ, ಉತ್ತರವನ್ನು ಊಹಿಸಿ ಮತ್ತೆ ಮತ್ತೆ ತಿದ್ದುತ್ತ, ಗಂಟೆಗಟ್ಟಲೆ ಲೆಕ್ಕ ಮಾಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಯಂತ್ರಗಳೆಲ್ಲ ಸೋಸಿ ಎಳೆಯುವ ದಾರಿಗೆ ಬಂದವು. ಮೂರು ದಶಕಕ್ಕೂ ಮಿಕ್ಕಿ ಅದೇ ಆಳಿತು. ಗಣಕಗಳ ಬಲ ಬಹಳ ಹೆಚ್ಚಿದ ಮೇಲೆ ಹಳೆಯ ತಿದ್ದುವ ವಿಧಾನ ಹೊಸ ವೇಷದಲ್ಲಿ ಮರಳಿದೆ. ೧೯೭೯ರ ನೊಬೆಲ್ ಬಹುಮಾನ ಕೊರ್ಮಾಕ್ ಮತ್ತು ಹೌನ್ಸ್‌ಫೀಲ್ಡರಿಗೆ ಸಂದಿತು. ರಾಮಚಂದ್ರನ್ನರಿಗೆ ತಪ್ಪಿತೆಂದು ನಮ್ಮಲ್ಲಿ ಕೆಲವರು ಹಲುಬುವುದುಂಟು. ನನಗೆ ಆ ಹಲುಬು ಹಿಡಿಸದು. ಮೊದಲ ರೋಗಿಯ ತಲೆಯನ್ನು ತೋರಿಸಿದ ಯಂತ್ರ ಅವರದಾಗಿರಲಿಲ್ಲ. ನಾವು ಹಲುಬಬೇಕಾದುದು ಬೇರೊಂದಕ್ಕೆ, ಅದು ಮುಂದೆ ಬರುತ್ತದೆ. ರಾಮಚಂದ್ರನ್ ೨೦೦೧ರ ಏಪ್ರಿಲಿನಲ್ಲಿ ತೀರಿಕೊಂಡರು.

ತಲೆಯ ಚಿತ್ರ ಸಾಧ್ಯವಾದರೂ ಕರುಳಿಗೆ ಈ ಯಂತ್ರ ಬಹುಕಾಲ ಒದಗಲಿಲ್ಲ. ಬುರುಡೆಯೊಳಗಿನ ಮೆದುಳು ಅಲುಗದು. ಕರುಳೋ, ಉಸಿರಿನೊಡನೆ ಏಳುತ್ತದೆ ಇಳಿಯುತ್ತದೆ, ತಾನಾಗಿಯೂ ಹೊರಳುತ್ತದೆ. ಮೊದಲ ಯಂತ್ರಗಳ ಒಂದು ಹೋಳು ಸೆಂಟಿಮೀಟರಿನಷ್ಟು ದಪ್ಪ. ಅದರಲ್ಲಿ ತೊಗರಿ ಕಾಳು ಎಲ್ಲಿ ಅಡಗಿಹೋಗುತ್ತದೋ ಬಲ್ಲವರಾರು! ೧೯೮೯ರಲ್ಲಿ ಜರ್ಮನಿಯ ವಿಲ್ಲಿ ಕಾಲೆಂಡರ್ ಅವರು ಮೇಜು ಸರಿಯುತ್ತಿರುವಾಗಲೇ ಕಿರಣದ ಕೊಳವೆ ಸುತ್ತುತ್ತಿರುವ ಸುರುಳಿ ಸಿ.ಟಿ.ಯನ್ನು ತೋರಿಸಿದರು. ೧೯೯೮ರ ಸುಮಾರಿಗೆ ಒಂದೇ ಸುತ್ತಿನಲ್ಲಿ ಹಲವು ಹೋಳು ತೆಗೆಯುವ ಯಂತ್ರಗಳು ಬಂದವು. ಒಮ್ಮೆ ಉಸಿರು ಬಿಗಿಹಿಡಿಯುವಷ್ಟರಲ್ಲಿ ಇಡೀ ಹೊಟ್ಟೆ, ಒಂದೊಂದು ಮಿಲಿಮೀಟರಿನ ನೂರಾರು ಹೋಳುಗಳಾಗಿ, ಗಣಕದೊಳಗೆ ಕುಳಿತಿತು.

೧೯೯೪ರಲ್ಲಿ ಅಮೆರಿಕದ ಉತ್ತರ ಕೆರೊಲಿನದ ಡೇವಿಡ್ ವೈನಿಂಗ್ ಎಂಬ ವಿಕಿರಣತಜ್ಞರು ಈ ಹೋಳುಗಳನ್ನು ಮತ್ತೆ ಒಂದಕ್ಕೊಂದು ಜೋಡಿಸಿ, ನೋಡುವವನು ಕರುಳಿನ ಸುರಂಗದೊಳಗೆ ಹಾರಿಹೋಗುತ್ತಿರುವಂತೆ ಚಲಚ್ಚಿತ್ರ ಮಾಡಿ ತೋರಿಸಿದರು. ಕೊಳವೆಯಿಲ್ಲದೆ ಕೊಲೊನೋಸ್ಕೋಪಿ! ಮೊದಮೊದಲು ಇದು ಬರಿಯ ಗಾರುಡಿಯೆಂದವರೂ ಇದ್ದರು. ೨೦೦೩ರ ಡಿಸೆಂಬರಿನಲ್ಲಿ ಪಿಕ್‌ಹಾರ್ಟ್ ಮತ್ತು ಸಂಗಡಿಗರು ಯಾವ ಬೇನೆಯೂ ಇಲ್ಲದ ೧೨೩೩ ಮಂದಿಗೆ ಒಂದೇ ದಿನ ಎರಡು ಪರೀಕ್ಷೆಗಳನ್ನೂ ಮಾಡಿ ಫಲವನ್ನು ಪ್ರಕಟಿಸಿದರು. ಹತ್ತು ಮಿಲಿಮೀಟರಿಗೆ ಕಡಮೆಯಿಲ್ಲದ, ಅಂದರೆ ಕಡಲೆಕಾಳಿನಷ್ಟು ದಪ್ಪದ, ಅಡಿನೋಮವಿದ್ದವರಲ್ಲಿ ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಮಂದಿಯನ್ನು ಸಿ.ಟಿ. ಗುರುತಿಸಿತ್ತು. ೨೦೦೮ರಲ್ಲಿ ಎರಡೂವರೆ ಸಾವಿರ ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಈ ಲೆಕ್ಕ ತೊಂಬತ್ತಕ್ಕೆ ನಿಂತಿತು.

ಪರೀಕ್ಷೆ ನಡೆಯುವ ಬಗೆ ಹೀಗೆ. ಹಿಂದಿನ ದಿನ ನಾರಿಲ್ಲದ ಹಗುರ ಆಹಾರ, ಭೇದಿಯ ಔಷಧ. ಜೊತೆಗೆ ಉಳಿದ ಮಲಕ್ಕೆ ಬಣ್ಣ ಹತ್ತಿದಂತೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಿಸುವ ದ್ರವ. ಮರುದಿನ ಗುದದ್ವಾರದಿಂದ ಸಣ್ಣ ನಳಿಕೆಯಲ್ಲಿ ಇಂಗಾಲದ ಅನಿಲವನ್ನು ಮೆಲ್ಲನೆ ತುಂಬಿ ಕರುಳನ್ನು ಉಬ್ಬಿಸುತ್ತಾರೆ. ಒಮ್ಮೆ ಅಂಗಾತ ಮಲಗಿಸಿ, ಇನ್ನೊಮ್ಮೆ ಬೋರಲು ಮಲಗಿಸಿ ಚಿತ್ರ ತೆಗೆಯುತ್ತಾರೆ. ಎರಡು ಸಲ ಏಕೆಂದರೆ, ಮಲದ ಉಂಡೆ ಮಗ್ಗುಲು ಬದಲಿಸಿದಾಗ ಕೆಳಕ್ಕೆ ಜಾರುತ್ತದೆ, ಪಾಲಿಪ್ ಮಾತ್ರ ಹುಟ್ಟಿದ ಗೋಡೆಯನ್ನು ಬಿಡುವುದಿಲ್ಲ. ಎಷ್ಟು ದೊಡ್ಡ ಯಂತ್ರವಾದರೂ ಕಡೆಗೆ ವಿವೇಚನೆ ಇಷ್ಟು ಸರಳ. ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ; ಮಂಪರು ಬೇಡ.

ಕೊರತೆಗಳೂ ಉಂಟು. ಚಪ್ಪಟೆ ಮೊಳಕೆಗಳು ಕಣ್ತಪ್ಪಬಹುದು. ಕಿರಣವೂ ಸ್ವಲ್ಪ ತಗಲುತ್ತದೆ, ನಿಸರ್ಗದಿಂದ ವರ್ಷ ಎರಡು ವರ್ಷಗಳಲ್ಲಿ ನಮ್ಮ ಮೇಲೆ ಬೀಳುವಷ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಈ ಯಂತ್ರ ತೋರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಪಾಲಿಪ್ ಕಂಡರೆ ಕೊಳವೆಯ ವೈದ್ಯರ ಬಳಿಗೇ ಹೋಗಬೇಕು. ಇಂತಹ ಕಾರಣಗಳನ್ನು ತೂಗಿನೋಡಿ ಅಮೆರಿಕದ ಸರ್ಕಾರಿ ವಿಮೆ ೨೦೦೯ರಲ್ಲಿ ಇದಕ್ಕೆ ಹಣ ಕೊಡಲಾರೆನೆಂದಿತು. ಮರುವರ್ಷವೇ ಆ ದೇಶದ ಅಧ್ಯಕ್ಷ ಒಬಾಮರು ತಮ್ಮ ಆರೋಗ್ಯ ತಪಾಸಣೆಯಲ್ಲಿ ಇದನ್ನೇ ಮಾಡಿಸಿಕೊಂಡರು! ವೃದ್ಧರ ಪಾಲಿಗೆ ಆ ಬಾಗಿಲು ತೆರೆದುದು ೨೦೨೫ರ ಜನವರಿಯಲ್ಲಿ.

ಇಷ್ಟೆಲ್ಲ ಆದ ಮೇಲೆ ಯಾದಗಿರಿ, ಶಹಾಪುರ, ಸುರಪುರಗಳ ಮನುಷ್ಯನಿಗೆ ಇದರಿಂದ ಆದುದೇನು?

ಮೊದಲು ಒಂದು ಸಮಾಧಾನದ ಮಾತು. ನಮ್ಮ ದೇಶದಲ್ಲಿ ಈ ಕ್ಯಾನ್ಸರು ಪಶ್ಚಿಮದೇಶಗಳಲ್ಲಿರುವಷ್ಟಿಲ್ಲ. ಅದೇ ೧೯೭೧ರಲ್ಲಿಯೇ, ಆಫ್ರಿಕದಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಎಂಬವರು, ನಾರು ತುಂಬಿದ ಒರಟು ಧಾನ್ಯ ತಿನ್ನುವವರಲ್ಲಿ ಇದು ವಿರಳವೆಂದು ಬರೆದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು ತಿನ್ನುವ ಈ ಸೀಮೆಯವರು ಅದನ್ನು ಕೇಳಿ ಸಂತೋಷಪಡಬಹುದು. ಆದರೆ ವಿರಳವೆಂದರೆ ಇಲ್ಲವೆಂದಲ್ಲ. ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು ಎಪ್ಪತ್ತು ಸಾವಿರ ಮಂದಿಗೆ ಹೊಸದಾಗಿ ಈ ರೋಗ ತಗಲುತ್ತದೆಂದು ೨೦೨೨ರ ಅಂದಾಜು. ರೊಟ್ಟಿಯ ಜಾಗಕ್ಕೆ ಮೈದಾ ಬರುತ್ತಿರುವುದನ್ನೂ ನಾವು ಕಾಣುತ್ತಿದ್ದೇವೆ.

ನಮ್ಮಲ್ಲಿಯ ಕಷ್ಟ ಬೇರೆ ಬಗೆಯದು. ಮಲದಲ್ಲಿ ರಕ್ತ ಕಂಡವನು ಅದನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಸಿಗುವ ಉತ್ತರವೂ ಸಿದ್ಧವಾಗಿದೆ: «ಏನಿಲ್ಲ ಬಿಡ್ರಿ, ಮೂಲವ್ಯಾಧಿ ಅದ. ಖಾರ ಕಮ್ಮಿ ಮಾಡ್ರಿ, ಮಜ್ಜಿಗಿ ಕುಡೀರಿ.» ಹತ್ತರಲ್ಲಿ ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದ್ದರಿಂದಲೇ ಮಾತು ಇಷ್ಟು ಅಪಾಯಕಾರಿ; ಯಾವಾಗಲೂ ಸುಳ್ಳಾಗುವ ಮಾತನ್ನು ಜನ ನಂಬುತ್ತಿರಲಿಲ್ಲ. ಮೂಲವ್ಯಾಧಿಗೆಂದು ಊರೂರಿನ ಗೋಡೆಗಳ ಮೇಲೆ ಬರೆಸಿದ ಜಾಹೀರಾತುಗಳನ್ನು ನಂಬಿ, ಒಂದೆರಡು ವರ್ಷ ಲೇಪ ಹಚ್ಚಿ, ಮೈ ಬಿಳಿಚಿ, ತೂಕ ಇಳಿದ ಮೇಲೆ ದೊಡ್ಡಾಸ್ಪತ್ರೆಯ ದಾರಿ ಹಿಡಿಯುವವರು ಎಷ್ಟು ಮಂದಿ! ಹತ್ತು ವರ್ಷದ ವಾಯಿದೆ ಆ ವೇಳೆಗೆ ತೀರಿರುತ್ತದೆ.

೨೦೦೯ರ ಡಿಸೆಂಬರ್ ೩೦ರಂದು ಗುಲಬರ್ಗದಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿಯನ್ನು ಕೇಂದ್ರ ಸರ್ಕಾರ ೨೦೧೮ರಲ್ಲಿ ಹಿಂದುಳಿದ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಹೆಸರು ಮಾತ್ರ ಮಹತ್ವಾಕಾಂಕ್ಷಿ ಜಿಲ್ಲೆ. ಈಚೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಕ್ಯಾನ್ಸರಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಇವೆಲ್ಲ ಒಳ್ಳೆಯದೇ. ಆದರೆ ೨೦೧೬ರಿಂದ ಸರ್ಕಾರ ಮೂವತ್ತು ದಾಟಿದವರಿಗೆ ಮಾಡಿಸುವ ಕ್ಯಾನ್ಸರ್ ತಪಾಸಣೆಯ ಪಟ್ಟಿಯಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳು, ಈ ಮೂರೇ. ಕರುಳಿಲ್ಲ. ಮೂರನ್ನು ಮುಂದಿಟ್ಟುದು ತಪ್ಪೆನ್ನಲಾಗದು. ನಮ್ಮಲ್ಲಿ ಹೆಚ್ಚಾಗಿರುವ ಕ್ಯಾನ್ಸರುಗಳಲ್ಲಿ ಅವು ಸೇರಿವೆ. ಪ್ರತಿ ತಾಲ್ಲೂಕಿಗೂ ಕರುಳಿನ ಸಿ.ಟಿ. ಬೇಕೆಂದು ಕೂಗುವುದೂ ಸರಿಯಲ್ಲ. ಯಂತ್ರ ತಂದಿಟ್ಟರೂ ಆ ಚಿತ್ರವನ್ನು ಓದಬಲ್ಲ ಪಳಗಿದ ಕಣ್ಣು ಬೇಕು, ಕಂಡುದನ್ನು ಕುಣಿಕೆ ಹಾಕಿ ತೆಗೆಯಬಲ್ಲ ಕೈ ಬೇಕು. ಅವೆರಡಿಲ್ಲದ ಊರಿನಲ್ಲಿ ಪಾಲಿಪ್ ಇದೆಯೆಂದು ಹೇಳಿ ಕಳುಹಿಸುವುದು ಮನುಷ್ಯನನ್ನು ಹೆದರಿಸುವುದಷ್ಟೇ. ನಾನು ಹಲುಬಬೇಕೆಂದುದು ಇದಕ್ಕೆ: ಗಣಿತದ ಗಂಟನ್ನು ಬಿಡಿಸಿದ ನಾಡಿನಲ್ಲಿ, ರಕ್ತ ಕಂಡವನನ್ನು ಮೇಜಿನ ಮೇಲೆ ಮಲಗಿಸಿ ಬೆರಳು ಹಾಕಿ ನೋಡುವ, ಕಾಸಿನ ಖರ್ಚಿಲ್ಲದ ಪರೀಕ್ಷೆಯೇ ಎಷ್ಟೋ ಕಡೆ ನಡೆಯುವುದಿಲ್ಲ. ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಗುರುತಿಸುವ ಸಣ್ಣ ಪಟ್ಟಿಯ ಪರೀಕ್ಷೆಯೂ ಇದೆ. ಅದಕ್ಕೆ ಯಂತ್ರವೂ ಬೇಡ, ತಜ್ಞರೂ ಬೇಡ.

ಹಾಗಾದರೆ ಸಿ.ಟಿ.ಯ ಈ ಪರೀಕ್ಷೆ ಯಾರಿಗೆ? ರಕ್ತ ಹೋಗುತ್ತಿರುವವರಿಗೆ ಕೊಳವೆಯ ಪರೀಕ್ಷೆಯೇ ಸರಿ. ಅಲ್ಲೇ ನೋಡಿ, ಅಲ್ಲೇ ಚೂರು ತೆಗೆಯಬಹುದು. ಕರುಳು ಬಿಗಿದುಕೊಂಡು ಕೊಳವೆ ಮುಂದೆ ಹೋಗದವರಿಗೆ, ಮಂಪರಿನ ಮದ್ದು ತಾಳಲಾರದ ಹೃದ್ರೋಗಿಗಳಿಗೆ, ಬೇನೆಯಿಲ್ಲದಿದ್ದರೂ ವಯಸ್ಸಿನ ಕಾರಣ ನೋಡಿಸಿಕೊಳ್ಳಬೇಕೆನ್ನುವವರಿಗೆ ಸಿ.ಟಿ. ಒದಗುತ್ತದೆ. ಮನೆತನದಲ್ಲಿ ರೋಗವಿದ್ದವರ ಮಾತು ಬೇರೆ. ಅವರು ಬೇನೆ ಬರುವತನಕ ಕಾಯಬಾರದು; ಅವರಿಗೂ ಕೊಳವೆಯ ಪರೀಕ್ಷೆಯನ್ನೇ ವೈದ್ಯರು ಹೇಳುತ್ತಾರೆ. ಅದಕ್ಕೆ ಅವರು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ನಲವತ್ತನೆಯ ವಯಸ್ಸು, ಇಲ್ಲವೆ ಮನೆಯಲ್ಲಿ ಎಲ್ಲರಿಗಿಂತ ಎಳೆಯ ವಯಸ್ಸಿನಲ್ಲಿ ರೋಗ ಕಂಡವರ ಆಗಿನ ವಯಸ್ಸಿಗೆ ಹತ್ತು ವರ್ಷ ಕಡಮೆ, ಇವೆರಡರಲ್ಲಿ ಯಾವುದು ಮೊದಲೋ ಅದು. ತಂದೆಗೆ ನಲವತ್ತೆಂಟರಲ್ಲಿ ಕಂಡಿದ್ದರೆ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಮೂವತ್ತೆಂಟರಲ್ಲಿ.